ಕೂಲಿ ಮತ್ತು ಮನೆಗೆಲಸ

ಮೋಟಾರು ಅಪಘಾತದ ಪರಿಹಾರ ಕೇಳುವ ಅರ್ಜಿಯನ್ನು ಯಾವ ವಕೀಲನೂ ಖಾಲಿ ಹಾಳೆಯಿಂದ ಶುರು ಮಾಡುವುದಿಲ್ಲ. ಹಳೆಯ ಕೇಸಿನ ಫೈಲು ತೆರೆದು ಹೆಸರು, ವಯಸ್ಸು, ವಾಹನದ ನಂಬರು, ಠಾಣೆಯ ಗುನ್ನೆ ನಂಬರು ಬದಲಿಸಿ, ಮುರಿದ ಮೂಳೆ ಯಾವುದೆಂದು ತಿದ್ದಿದರೆ ಹೊಸ ಅರ್ಜಿ ಸಿದ್ಧ. ಹುಬ್ಬಳ್ಳಿಯಲ್ಲಿ ನಾನು ವಕೀಲಿಕೆಗೆ ಇಳಿದಾಗ ನಮ್ಮ ಸೀನಿಯರ್ ಆಫೀಸಿನ ಕಂಪ್ಯೂಟರಿನಲ್ಲಿ ಅಂಥ ಎರಡು ನಮೂನೆ ಇದ್ದವು, ಗಂಡಸರದೊಂದು, ಹೆಂಗಸರದೊಂದು. ಗಂಡಸರ ನಮೂನೆಯಲ್ಲಿ ಉದ್ಯೋಗದ ಜಾಗ ಖಾಲಿ ಇರುತ್ತಿತ್ತು. ಗೌಂಡಿ, ಡ್ರೈವರ್, ಹಮಾಲ, ಒಕ್ಕಲುತನ ಎಂದು ನಾವು ತುಂಬುತ್ತಿದ್ದೆವು. ಹೆಂಗಸರದರಲ್ಲಿ ಅದು ಮೊದಲೇ ತುಂಬಿತ್ತು: ಕೂಲಿ ಮತ್ತು ಮನೆಗೆಲಸ. ಸೀನಿಯರ್ ತೀರಿಕೊಂಡ ಮೇಲೆ ಅವರ ಟೇಬಲ್ಲು, ಕಾನೂನು ಪುಸ್ತಕ, ಗುಮಾಸ್ತ ಎಲ್ಲ ನನಗೆ ಬಂದಂತೆ ಆ ನಮೂನೆಯೂ ಬಂತು. ಅದನ್ನು ತಿದ್ದಬೇಕೆಂದು ಒಮ್ಮೆಯೂ ಅನ್ನಿಸಲಿಲ್ಲ.

2012ರಲ್ಲಿ ಒಬ್ಬ ಹೆಣ್ಣುಮಗಳನ್ನು ಆಕೆಯ ಮೈದುನ ನನ್ನ ಆಫೀಸಿಗೆ ಕರೆತಂದ. ವಯಸ್ಸು 42. ಬೆಳಿಗ್ಗೆ ಹೊತ್ತು ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದಾಗ ಹಿಂದಿನಿಂದ ಬಂದ ಗೂಡ್ಸ್ ಆಟೋ ಬಡಿದು ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದ್ದರು. ಮೂಳೆ ಕೂಡಿತ್ತು, ಆದರೆ ಸೊಟ್ಟಗೆ ಕೂಡಿತ್ತು. ಮೈದುನ ಕಾಗದಪತ್ರಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಜೋಡಿಸಿ ತಂದಿದ್ದ. ಎಫ್‌ಐಆರ್, ಸ್ಥಳದ ಪಂಚನಾಮೆ, ಕೈನಕ್ಷೆ, ವೂಂಡ್ ಸರ್ಟಿಫಿಕೇಟ್, ಮೋಟಾರು ವಾಹನ ನಿರೀಕ್ಷಕರ ವರದಿ, ಚಾರ್ಜ್‌ಶೀಟು ಎಲ್ಲ ಇದ್ದವು. ನಾನು ಎಲ್ಲಕ್ಕಿಂತ ಮೊದಲು ನೋಡಿದ್ದು ವಿಮೆಯ ಪ್ರತಿ. ಪಾಲಿಸಿ ಚಾಲ್ತಿಯಲ್ಲಿತ್ತು. ಚಾಲಕನ ಲೈಸನ್ಸೂ ಸರಿಯಿತ್ತು. ಎಂವಿಸಿ, ಅಂದರೆ ಮೋಟಾರು ಅಪಘಾತ ಪರಿಹಾರದ ಕೇಸು ನಡೆಸುವವನಿಗೆ ಇಷ್ಟು ಸಿಕ್ಕರೆ ಅರ್ಧ ಗೆದ್ದಂತೆ.

"ಏನ್ ಕೆಲಸ ಮಾಡ್ತಾರ?" ಎಂದು ಮೈದುನನನ್ನು ಕೇಳಿದೆ. ಆಕೆ ಎದುರಿಗೇ ಕೂತಿದ್ದಳು.

"ಮನ್ಯಾಗ ಇರ್ತಾಳ್ರೀ ಸಾಹೇಬ್ರ. ಒಂದಿಷ್ಟು ಕೂಲಿ-ನಾಲಿ ಮಾಡ್ತಾಳ."

ನಮೂನೆಗೆ ಸರಿಯಾಗಿ ಹೊಂದಿತು. ಗುಮಾಸ್ತನಿಗೆ ಫೈಲು ಕೊಟ್ಟೆ.

ಆ ದಿನಗಳಲ್ಲಿ ನನ್ನ ತಲೆ ತಿನ್ನುತ್ತಿದ್ದ ಕೇಸು ಬೇರೆ ಇತ್ತು. ಮದುವೆಗೆಂದು ಸರಕಿನ ಟೆಂಪೋದಲ್ಲಿ ನಿಂತು ಹೊರಟ ಒಂದು ಊರಿನ ಮಂದಿ, ತಿರುವಿನಲ್ಲಿ ಪಲ್ಟಿ. ನಮ್ಮ ಕಡೆ ಇದು ಅಪರೂಪವಲ್ಲ. ಬಸ್ಸಿಲ್ಲದ ಊರಿಗೆ ದಿಬ್ಬಣ ಹೋಗುವುದೇ ಹೀಗೆ. ಸರಕು ಸಾಗಿಸುವ ಗಾಡಿಯಲ್ಲಿ ಪುಕ್ಕಟೆ ಹತ್ತಿದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಆಶಾ ರಾಣಿ ಪ್ರಕರಣದಲ್ಲಿ ಹೇಳಿಯಾಗಿದೆ. ಸರಕಿನ ಮಾಲೀಕನೋ ಅವನ ಪರವಾಗಿ ಬಂದವನೋ ಆದರೆ ಮೋಟಾರು ವಾಹನ ಕಾಯ್ದೆಯ 1994ರ ತಿದ್ದುಪಡಿಯಿಂದ ರಕ್ಷಣೆ ಉಂಟು. ಮದುವೆಗೆ ಹೊರಟ ನಲವತ್ತು ಜನ ಯಾವ ಸರಕಿನ ಮಾಲೀಕರು? ಟೆಂಪೋ ಮಾಲೀಕನ ಬಳಿ ನುಜ್ಜಾದ ಆ ಟೆಂಪೋ ಬಿಟ್ಟರೆ ಏನೂ ಇರಲಿಲ್ಲ. ತೀರ್ಪು ಬಂದರೂ ವಸೂಲಿ ಯಾರಿಂದ? ಹೇಗಾದರೂ ಮಾಡಿ, ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ಆದೇಶವನ್ನಾದರೂ ಪಡೆಯಬೇಕೆಂದು ನಾನು ರಾತ್ರಿಯೆಲ್ಲ ತೀರ್ಪುಗಳನ್ನು ಹುಡುಕುತ್ತಿದ್ದೆ. ಅದರ ಎದುರು ಮಣಿಕಟ್ಟು ಮುರಿದ ಹೆಣ್ಣುಮಗಳ ಫೈಲು ಸಲೀಸಾಗಿ ಕಂಡಿತು. ಪಾದಚಾರಿ, ತಪ್ಪು ಪೂರ್ತಿ ಚಾಲಕನದು, ಪಾಲಿಸಿ ಇದೆ. ಇದರಲ್ಲಿ ಯೋಚಿಸುವುದೇನಿದೆ ಅಂದುಕೊಂಡೆ. ಕಷ್ಟದ ಕೇಸನ್ನು ವಕೀಲ ಓದುತ್ತಾನೆ, ಸುಲಭದ್ದನ್ನು ಗುಮಾಸ್ತ ಓದುತ್ತಾನೆ.

ಗಾಯಾಳುವಿಗೆ ಹಣ ಎಣಿಸುವ ರೀತಿ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಸ್ಪತ್ರೆಯ ಬಿಲ್ಲು, ನೋವಿಗೆಂದು ಒಂದಿಷ್ಟು, ಮಲಗಿದ್ದ ತಿಂಗಳುಗಳ ದುಡಿಮೆ, ನೋಡಿಕೊಳ್ಳುವವರ ಖರ್ಚು, ಇವೆಲ್ಲ ಸಣ್ಣಪುಟ್ಟ ಮೊತ್ತಗಳು. ದೊಡ್ಡ ಮೊತ್ತ ಒಂದೇ, ಮುಂದಿನ ದುಡಿಮೆಯ ನಷ್ಟ. ತಿಂಗಳ ಆದಾಯವನ್ನು 12ರಿಂದ ಗುಣಿಸಿ, ವಯಸ್ಸಿಗೆ ತಕ್ಕ ಗುಣಕದಿಂದ ಮತ್ತೆ ಗುಣಿಸಿ, ಅಂಗವೈಕಲ್ಯದ ಶೇಕಡಾವಾರು ಹಾಕುವುದು. ಗುಣಕ ಎಷ್ಟೆಂದು 2009ರ ಸರಳಾ ವರ್ಮಾ ತೀರ್ಪು ದೇಶಕ್ಕೆಲ್ಲ ಒಂದೇ ಪಟ್ಟಿ ಕೊಟ್ಟಿದೆ. 41ರಿಂದ 45 ವಯಸ್ಸಿನವರಿಗೆ 14. ಅದರಲ್ಲಿ ಯಾರೂ ಜಗಳ ಮಾಡುವಂತಿಲ್ಲ. ಉಳಿದ ಎರಡು, ಅಂದರೆ ಆದಾಯ ಮತ್ತು ಶೇಕಡಾ, ವಕೀಲ ಕೋರ್ಟಿನ ಮುಂದೆ ಏನಿಡುತ್ತಾನೋ ಅದರ ಮೇಲೆ ನಿಂತಿವೆ.

ಶೇಕಡಾ ವಿಷಯದಲ್ಲಿ ನಮ್ಮ ನ್ಯಾಯಮಂಡಳಿಗಳಲ್ಲಿ ಒಂದು ರೂಢಿ ಇದೆ. ಡಾಕ್ಟರು ಕೈಗೋ ಕಾಲಿಗೋ ಇಷ್ಟು ಶೇಕಡಾ ಎಂದರೆ ಅದರ ಮೂರನೇ ಒಂದು ಪಾಲನ್ನು ಇಡೀ ದೇಹದ್ದೆಂದು ತೆಗೆದುಕೊಳ್ಳುವುದು. ಬಲಗೈಗೆ 24 ಅಂದರೆ ದೇಹಕ್ಕೆ 8. ಎಲ್ಲರ ಬಾಯಲ್ಲೂ ಮಗ್ಗಿಯ ಹಾಗೆ ಇದು ಬರುತ್ತದೆ. ಆದರೆ ಸುಪ್ರೀಂ ಕೋರ್ಟು ರಾಜ್‌ಕುಮಾರ್ ಪ್ರಕರಣದಲ್ಲಿ, 2011ರ ಕಾನೂನು ವರದಿಯಲ್ಲಿ ಬಂದ ತೀರ್ಪು ಅದು, ಇದರ ಮುಂದಿನ ಹೆಜ್ಜೆಯನ್ನು ಸ್ಪಷ್ಟವಾಗಿ ಬರೆದಿತ್ತು. ದೇಹಕ್ಕೆ ಎಷ್ಟು ಊನವಾಯಿತು ಎಂಬುದು ಒಂದು ಪ್ರಶ್ನೆ, ಆ ಊನದಿಂದ ಆ ಮನುಷ್ಯನ ದುಡಿಮೆ ಎಷ್ಟು ಹೋಯಿತು ಎಂಬುದು ಇನ್ನೊಂದು. ಎಡಗೈ ಹೋದ ಬಡಗಿಗೂ ಡ್ರೈವರಿಗೂ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಅದೇ ಎಡಗೈ ಹೋದ ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಗಾಯಕ್ಕೆ ಮೊದಲು ಏನು ಮಾಡುತ್ತಿದ್ದ, ಈಗ ಅದರಲ್ಲಿ ಏನು ಮಾಡಬಲ್ಲ ಎಂದು ಕೇಳಿ ತಿಳಿಯಬೇಕು, ವೈದ್ಯ ಸಾಕ್ಷಿ ಹೇಳುವಾಗ ನ್ಯಾಯಮಂಡಳಿ ಸುಮ್ಮನೆ ಕೂರಬಾರದು ಎಂದೂ ಅದರಲ್ಲಿದೆ. ಈ ತೀರ್ಪನ್ನು ಬಾರ್ ರೂಮಿನಲ್ಲಿ ಕಿರಿಯರಿಗೆ ನಾನೇ ವಿವರಿಸುತ್ತಿದ್ದೆ. ಕೈಯಲ್ಲಿ ಚಹಾ, ಬಾಯಲ್ಲಿ ಬಡಗಿಯ ಉದಾಹರಣೆ.

ವಿಚಾರಣೆಗೆ ಬಂತು. ಆಕೆಯ ಪ್ರಮಾಣಪತ್ರವನ್ನೂ ನಮೂನೆಯಿಂದಲೇ ತೆಗೆದಿದ್ದೆ. ದಾಖಲೆಗಳನ್ನು ನಿಶಾನೆ ಮಾಡಿಸಿದೆ. ವಿಮಾ ಕಂಪನಿಯ ವಕೀಲರು ಎದ್ದು ಪಾಟಿ ಸವಾಲು ಮಾಡಿದರು. ಹಳೆಯ ಪರಿಚಯದವರು, ಗದರುವ ಸ್ವಭಾವದವರಲ್ಲ.

"ಈಗ ಮನಿ ಕೆಲಸ ನೀವೇ ಮಾಡ್ಕೊಂತೀರಲ್ರೀ?"

"ಹೌದ್ರಿ, ಮಾಡ್ಕೊಂತೀನಿ."

ಅಷ್ಟೇ. ಮನೆಗೆಲಸದವಳೆಂದು ಅರ್ಜಿಯಲ್ಲಿ ನಾನೇ ಬರೆದಿದ್ದೆ. ಈಗಲೂ ಮನೆಗೆಲಸ ಮಾಡುತ್ತೇನೆಂದು ಆಕೆಯೇ ಒಪ್ಪಿಕೊಂಡಳು. ಹಾಗಿದ್ದರೆ ಕಳೆದುಕೊಂಡದ್ದೇನು? ಆ ಉತ್ತರದ ಏಟು ನನಗೆ ಆ ಹೊತ್ತಿಗೆ ತಾಗಲೂ ಇಲ್ಲ. ಆಮೇಲೆ ಎಲುಬಿನ ಡಾಕ್ಟರು ಬಂದು ಬಲಗೈಗೆ 24 ಎಂದರು. ಮಣಿಕಟ್ಟು ಎಷ್ಟು ಡಿಗ್ರಿ ಬಾಗುತ್ತದೆ, ಹಿಡಿತ ಎಷ್ಟು ಎಂದು ಓದಿದರು. ಈ ಕೈಯಿಂದ ಆಕೆ ಯಾವ ಕೆಲಸ ಮಾಡಲಾರಳು ಎಂದು ನಾನು ಕೇಳಲಿಲ್ಲ. ಕೇಳಲು ಆಕೆಯ ಕೆಲಸ ನನಗೆ ಗೊತ್ತಿರಬೇಕಿತ್ತಲ್ಲ.

2014ರ ಕೊನೆಗೆ ರಾಷ್ಟ್ರೀಯ ಲೋಕ ಅದಾಲತ್ ಬಂತು. ಲೋಕ ಅದಾಲತ್ತಿನ ಹಿಂದಿನ ವಾರ ಎಂವಿಸಿ ವಕೀಲರ ಆಫೀಸುಗಳಲ್ಲಿ ಮದುವೆ ಮನೆಯ ಗಡಿಬಿಡಿ. ಕಂಪನಿಯ ಅಧಿಕಾರಿಗಳು ಫೈಲುಗಳ ಪಟ್ಟಿ ಹಿಡಿದು ಬರುತ್ತಾರೆ, ಒಂದೊಂದು ಫೈಲಿಗೆ ಐದು ನಿಮಿಷ. ನಮ್ಮ ಲೆಕ್ಕ ಹೀಗಿತ್ತು: ತಿಂಗಳಿಗೆ 4,500, ಗುಣಕ 14, ಶೇಕಡಾ 8, ಒಟ್ಟು 60,480. ಉಳಿದ ಬಾಬತ್ತುಗಳು ಸೇರಿ ಒಂದೂವರೆ ಲಕ್ಷದ ಹತ್ತಿರ. ಅವರು ಸ್ವಲ್ಪ ಇಳಿಸಿದರು, ನಾನು ಸ್ವಲ್ಪ ಏರಿಸಿದೆ, ಬಡ್ಡಿ ಸೇರಿ 1,35,000ಕ್ಕೆ ಕೈ ಕುಲುಕಿದೆವು. ಜಂಟಿ ಮೆಮೊಗೆ ಆಕೆ ಎಡಗೈ ಹೆಬ್ಬೆರಳು ಒತ್ತಿದಳು. ಅದಾಲತ್ತಿನ ರಾಜಿಗೆ ಮೇಲ್ಮನವಿ ಇಲ್ಲ ಎಂದು ವಿವರಿಸಿದ ನೆನಪು ನನಗಿದೆ. ಆಕೆಗೆ ತಿಳಿಯಿತೋ ಇಲ್ಲವೋ ಎಂದು ನಿಂತು ನೋಡಿದ ನೆನಪಿಲ್ಲ. ಅದಾಲತ್ತನ್ನು ನಾನು ಹಳಿಯುತ್ತಿಲ್ಲ. ವರ್ಷಗಟ್ಟಲೆ ಅಲೆಯುವ ಬಡವರಿಗೆ ಎರಡೇ ತಿಂಗಳಲ್ಲಿ ಚೆಕ್ಕು ಕೈಗೆ ಬರುವುದು ಸಣ್ಣ ಮಾತಲ್ಲ. ಆದರೆ ಫೈಲಿನಲ್ಲಿ ಇಲ್ಲದ್ದನ್ನು ಅದಾಲತ್ತು ಹುಡುಕಿ ಕೊಡಲಾರದು. ನಾವು ತಂದ ಅಂಕಿಗಳ ನಡುವೆಯೇ ಅಲ್ಲಿ ಕೊಡುಕೊಳ್ಳುವಿಕೆ.

ಬಂದ ಹಣದಲ್ಲಿ ಒಂದು ಭಾಗವನ್ನು ಬ್ಯಾಂಕಿನಲ್ಲಿ ಠೇವಣಿ ಇಡಲು ಆದೇಶವಾಗಿತ್ತು. ಓದು ಬಾರದವರಿಗೆ ಬಂದ ಹಣವನ್ನು ನೆಂಟರಿಷ್ಟರು, ದಲ್ಲಾಳಿಗಳು ತಿಂದು ಹಾಕದಿರಲಿ ಎಂದು ಸುಪ್ರೀಂ ಕೋರ್ಟು 1993ರಲ್ಲಿ ಹಾಕಿಕೊಟ್ಟ ಪದ್ಧತಿ ಇದು. ಅವಧಿಗೆ ಮುಂಚೆ ತೆಗೆಯಬೇಕಾದರೆ ಕಾರಣ ತೋರಿಸಿ ಅರ್ಜಿ ಹಾಕಬೇಕು. ಮರುವರ್ಷ ಆಕೆ ಅದಕ್ಕೇ ಬಂದಳು, ಈ ಸಲ ಒಬ್ಬಳೇ.

"ಬ್ಯಾಂಕಿನ್ಯಾಗಿನ ರೊಕ್ಕ ತಗಸ್ಬೇಕಾಗಿತ್ರೀ ಸಾಹೇಬ್ರ."

"ಯಾಕ್ ಬೇಕ್ರೀ ಅಕ್ಕಾರ? ಕಾರಣ ಬರೀಬೇಕು."

"ರೊಟ್ಟಿ ಮಷೀನ್ ತಗೋಬೇಕ್ರಿ."

ಮನೆಯ ರೊಟ್ಟಿಗೆ ಮಷೀನ್ ಯಾಕೆ ಅಂದೆ, ಸ್ವಲ್ಪ ನಗುತ್ತಲೇ.

"ಮನ್ಯಾಗಿಂದಲ್ರೀ. ಖಾನಾವಳಿಗೆ ಕೊಡ್ತಿದ್ನೆಲ್ರೀ. ದಿನಾ ಇನ್ನೂರು. ಈಗ ಕೈ ಏಳವಲ್ದು, ರೊಟ್ಟಿ ಬಡಿಯಾಕ ಬರವಲ್ದು. ಮೂವತ್ತು ಬಡಿಯೋದ್ರಾಗ ಮಣಿಕಟ್ಟು ಬಾತ್ಕೊಂತದ."

ಜೋಳದ ರೊಟ್ಟಿ ಗೊತ್ತಿಲ್ಲದವರಿಗೆ ಇದರ ತೂಕ ತಿಳಿಯಲಿಕ್ಕಿಲ್ಲ. ಗೋಧಿಯ ಹಾಗೆ ಜೋಳದ ಹಿಟ್ಟಿಗೆ ಜಿಗುಟಿಲ್ಲ. ಲಟ್ಟಣಿಗೆಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಬಿಸಿನೀರಲ್ಲಿ ನಾದಿ, ಅಂಗೈ ಬಿಚ್ಚಿ, ಸುತ್ತ ತಿರುಗಿಸುತ್ತ ಬಡಿಯಬೇಕು. ಪ್ರತಿ ಬಡಿತವೂ ಮಣಿಕಟ್ಟಿನದು. ಬಲಗೈ ಬಡಿತಕ್ಕೆ ರೊಟ್ಟಿ ಹಾಳೆಯಷ್ಟು ತೆಳ್ಳಗಾಗುತ್ತದೆ, ಎಡಗೈ ಅದನ್ನು ತಿರುಗಿಸುತ್ತದೆ. ಮಣಿಕಟ್ಟು ಹೋಯಿತೆಂದರೆ ಆ ಉದ್ಯೋಗದಲ್ಲಿ ಕೈಯೇ ಹೋದ ಹಾಗೆ. ಬಡಗಿಯ ಉದಾಹರಣೆ ಹೇಳಿಕೊಂಡು ತಿರುಗುತ್ತಿದ್ದವನ ಎದುರೇ ಅದಕ್ಕಿಂತ ಗಟ್ಟಿ ಉದಾಹರಣೆ ಎರಡು ವರ್ಷ ಕೂತು ಎದ್ದು ಹೋಗಿತ್ತು.

"ಮೊದಲ ಯಾಕ ಹೇಳ್ಲಿಲ್ಲ?" ಅಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು. ಯಾರ ಮೇಲೆ ಎಂದು ಈಗ ಕೇಳಿದರೆ ಹೇಳಬಲ್ಲೆ.

"ನೀವು ಕೇಳ್ಲೇ ಇಲ್ಲಲ್ರೀ. ಕೋರ್ಟಿನ್ಯಾಗ ಅವರು ಮನಿ ಕೆಲಸ ಮಾಡ್ತೀರೇನು ಅಂತ ಕೇಳಿದ್ರು. ಮಾಡ್ತೀನ್ರಿ ಅಂದೆ. ರೊಟ್ಟಿ ಮಾತು ಯಾರೂ ತಗೀಲಿಲ್ಲ."

ಆಕೆ ಹೋದ ಮೇಲೆ ಹಳೆಯ ಫೈಲು ತೆಗೆಸಿದೆ. ಸ್ಥಳದ ಪಂಚನಾಮೆ, ನಾನೇ ನಿಶಾನೆ ಮಾಡಿಸಿದ್ದು. ರಸ್ತೆಯ ಅಗಲ, ಬ್ರೇಕಿನ ಗುರುತು, ಆಟೋ ನಿಂತ ದಿಕ್ಕು ಎಲ್ಲ ಬರೆದ ಮೇಲೆ ಪೊಲೀಸರ ಕೈಬರಹದಲ್ಲಿ ಒಂದು ಸಾಲು: ಸ್ಥಳದಲ್ಲಿ ಒಂದು ಬುಟ್ಟಿ ಉರುಳಿದ್ದು, ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ಆ ಮುಂಜಾನೆ ಆಕೆ ಖಾನಾವಳಿಗೇ ಹೊರಟಿದ್ದಳು. ಚೆಲ್ಲಿದ ರೊಟ್ಟಿ ನೋಡಿದ ಪಂಚರು, ಬರೆದ ಹವಾಲ್ದಾರ, ಚಾರ್ಜ್‌ಶೀಟ್ ಹಾಕಿದ ಪಿಎಸ್‌ಐ, ಎಲ್ಲರಿಗೂ ಆಕೆಯ ಉದ್ಯೋಗ ಗೊತ್ತಿತ್ತು. ಆ ಹಾಳೆಯ ಮೇಲೆ ನಿಶಾನೆ ನಂಬರು ಹಾಕಿಸಿದ ವಕೀಲನಿಗೆ ಮಾತ್ರ ಗೊತ್ತಿರಲಿಲ್ಲ. ನಾನು ಪಂಚನಾಮೆಯಲ್ಲಿ ಹುಡುಕುತ್ತಿದ್ದುದು ಒಂದೇ, ಚಾಲಕನ ತಪ್ಪು. ಅದು ಮೊದಲ ಪುಟದಲ್ಲೇ ಸಿಕ್ಕಿತ್ತು, ಮುಂದೆ ಓದಿರಲಿಲ್ಲ.

ಖಾನಾವಳಿಗೂ ಹೋದೆ. ಮಾಲೀಕ ಕೂರಿಸಿ ಊಟ ಹಾಕಿದ. ದಿನದ ರೊಟ್ಟಿ ಎಣಿಕೆಯನ್ನು ಉದ್ರಿ ವಹಿಯಲ್ಲಿ ಬರೆದಿಡುತ್ತಿದ್ದನಂತೆ, ವಾರಕ್ಕೊಮ್ಮೆ ದುಡ್ಡು. "ನಾ ಬಂದು ಹೇಳ್ತಿದ್ನೆಲ್ರೀ" ಎಂದ. ಹಿಟ್ಟು, ಕಟ್ಟಿಗೆ ಕಳೆದು ಆಕೆಗೆ ತಿಂಗಳಿಗೆ ಏಳು ಸಾವಿರದ ಆಚೀಚೆ ಉಳಿಯುತ್ತಿತ್ತು ಎಂಬುದು ಅವನ ಅಂದಾಜು. ನಾನು ಅಲ್ಲೇ ಬಿಲ್ಲಿನ ಹಿಂಬದಿಯಲ್ಲಿ ಗುಣಿಸಿದೆ. ದುಡಿಮೆಯ ನಷ್ಟವನ್ನು ಕಾಲುಭಾಗ ಎಂದು ಹಿಡಿದರೂ, ನಾನಾಗಿದ್ದರೆ ಹೆಚ್ಚೇ ಕೇಳುತ್ತಿದ್ದೆ, 7,000 ಗುಣಿಸು 12, ಗುಣಿಸು 14, ಅದರ ಶೇಕಡಾ 25 ಅಂದರೆ 2,94,000. ಆ ಒಂದು ಬಾಬತ್ತಿನಲ್ಲಿ ನಾನು ಕೊಡಿಸಿದ್ದು 60,480.

ದಾಖಲೆ ಇಲ್ಲದ ದುಡಿಮೆಯನ್ನು ಕೋರ್ಟು ನಂಬುತ್ತಿರಲಿಲ್ಲ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುವ ದಾರಿಯೂ ಇರಲಿಲ್ಲ. 2014ರ ಜನವರಿಯಲ್ಲಿ, ಅಂದರೆ ನಮ್ಮ ರಾಜಿಗೆ ಮೊದಲೇ, ಸುಪ್ರೀಂ ಕೋರ್ಟು ಕರ್ನಾಟಕದ್ದೇ ಒಬ್ಬ ತರಕಾರಿ ವ್ಯಾಪಾರಿಯ ಪ್ರಕರಣದಲ್ಲಿ, ಇಂಥವರಿಂದ ರಸೀದಿ ಕೇಳುವುದು ಸರಿಯಲ್ಲವೆಂದು ಹೇಳಿ ತಿಂಗಳ ಆದಾಯವನ್ನು 6,500 ಎಂದು ಒಪ್ಪಿತ್ತು. ಕಾಲು ಕಳೆದುಕೊಂಡ ಅವನ ದುಡಿಮೆಯ ನಷ್ಟವನ್ನು ಶೇಕಡಾ 85 ಎಂದು ಹಿಡಿದಿತ್ತು. ತರಕಾರಿ ಮಾರುವವನು ಬೀದಿ ಬೀದಿ ತಿರುಗಬೇಕು, ಕಾಲಿಲ್ಲದೆ ಆ ವ್ಯಾಪಾರ ಹೇಗೆ ಎಂಬ ನೇರ ತರ್ಕ. ರೊಟ್ಟಿ ಬಡಿಯುವವಳಿಗೂ ಅದೇ ತರ್ಕ ನಡೆಯುತ್ತಿತ್ತು. ಅವಳು ರೊಟ್ಟಿ ಬಡಿಯುತ್ತಾಳೆಂದು ಯಾರಾದರೂ ಹೇಳಿದ್ದರೆ.

ರಾಜಿಯನ್ನು ಮುರಿಯಲು ದಾರಿ ಹುಡುಕಿದೆ. ಅದಾಲತ್ತಿನ ಅವಾರ್ಡನ್ನು ಹೈಕೋರ್ಟಿನಲ್ಲಿ ರಿಟ್ ಮೂಲಕ ಪ್ರಶ್ನಿಸಬಹುದು, ಅದೂ ಬಹಳ ಇಕ್ಕಟ್ಟಿನ ಕಾರಣಗಳಿಗೆ, ಮೋಸದಿಂದ ರಾಜಿ ಮಾಡಿಸಿದರು ಎಂಬಂಥವಕ್ಕೆ. ವಕೀಲನ ಆಲಸ್ಯ ಆ ಪಟ್ಟಿಯಲ್ಲಿಲ್ಲ. ಧಾರವಾಡ ಪೀಠದಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಫೈಲು ತಿರುವಿ ನೋಡಿ, "ಏನಂತ ಬರೀಲಿ? ನೀನು ಓದಿರಲಿಲ್ಲ ಅಂತ ಬರೀಲಾ?" ಎಂದ. ಅವನು ತಮಾಷೆಗೆ ಕೇಳಿರಲಿಲ್ಲ.

ಠೇವಣಿ ಬಿಡಿಸುವ ಅರ್ಜಿಯನ್ನು ಮಾತ್ರ ಚೆನ್ನಾಗಿ ಬರೆದೆ. ಇನ್ನೂರು ರೊಟ್ಟಿ, ಖಾನಾವಳಿ, ಮಣಿಕಟ್ಟು, ಮಷೀನಿನ ಕೊಟೇಶನ್ನು, ಎಲ್ಲ ಬರೆದೆ. ನ್ಯಾಯಾಧೀಶರು ಓದಿ, ಇದು ಮೊದಲೇ ಯಾಕೆ ದಾಖಲೆಗೆ ಬರಲಿಲ್ಲ ಎಂದು ಕೇಳಿದರು. ನನ್ನ ತಪ್ಪು ಅಂದೆ. ಅವರು ತಲೆಯೆತ್ತಿ ನೋಡಿ, ಅರ್ಜಿ ಮಂಜೂರು ಎಂದು ಬರೆದರು. ಹಣ ಬಂದ ದಿನ ನಾನು ತೆಗೆದುಕೊಂಡಿದ್ದ ಫೀಯನ್ನು ಆಕೆಗೆ ಮರಳಿ ಕೊಟ್ಟೆ. ಬೇಡ ಅನ್ನಬಹುದು, ಸಾಹೇಬರು ದೊಡ್ಡವರು ಅನ್ನಬಹುದು ಎಂಬ ಆಸೆ ಒಳಗೆಲ್ಲೋ ಇತ್ತೇನೋ. ಆಕೆ ಎರಡು ಸಲ ಎಣಿಸಿ ಸೆರಗಿನ ಗಂಟಿಗೆ ಹಾಕಿಕೊಂಡಳು.

ಆಮೇಲೆ ನನ್ನ ಹಳೆಯ ಫೈಲುಗಳನ್ನು ತಿರುವುವ ಧೈರ್ಯ ಬರಲು ಬಹಳ ದಿನ ಹಿಡಿಯಿತು. ಕೂಲಿ ಮತ್ತು ಮನೆಗೆಲಸ ಎಂದು ನಾನು ಬರೆದ ಹೆಂಗಸರಲ್ಲಿ ಹೈನು ಮಾಡುವವರಿದ್ದರು, ಬಟ್ಟೆ ಹೊಲಿಯುವವರಿದ್ದರು, ಸಂತೆಯಲ್ಲಿ ಮೆಣಸಿನಕಾಯಿ ಮಾರುವವರಿದ್ದರು. ಕೆಲವರ ಆಧಾರ್ ಕಾರ್ಡಿನ ವಿಳಾಸವೇ ಅಂಗಡಿಯದಾಗಿತ್ತು. ಬರಿಯ ಮನೆಗೆಲಸ ಮಾಡುತ್ತಿದ್ದವರ ಸಂಗತಿಯೂ ಹಗುರವಲ್ಲ. ಕಾಯ್ದೆಯ ಹಳೆಯ ಎರಡನೇ ಅನುಸೂಚಿಯಲ್ಲಿ ದುಡಿಯದವರಿಗೆ ವರ್ಷಕ್ಕೆ 15,000 ಎಂದಿತ್ತು. ಹೆಂಡತಿಯಾದರೆ ಗಂಡನ ದುಡಿಮೆಯ ಮೂರನೇ ಒಂದು ಪಾಲು. ಹಾಗೆ ನೋಡಿದರೆ ಗೌಡರ ಮನೆಯ ಅಡುಗೆ ಹಮಾಲನ ಮನೆಯ ಅಡುಗೆಗಿಂತ ತುಟ್ಟಿ! 2021ರ ಕೀರ್ತಿ ಪ್ರಕರಣದಲ್ಲಿ ನ್ಯಾಯಮೂರ್ತಿ ರಮಣ ಅವರು ಸಮಯ ಬಳಕೆಯ ರಾಷ್ಟ್ರೀಯ ಸಮೀಕ್ಷೆಯನ್ನೇ ಎತ್ತಿ ತೋರಿಸಿದರು. ಮನೆಯ ಸಂಬಳವಿಲ್ಲದ ಕೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97. ಅಷ್ಟು ನಿಮಿಷಗಳಿಗೆ ಬೆಲೆ ಕಟ್ಟದೆ ಬಿಡುವುದು ಸಂವಿಧಾನದ ಸಮಾನತೆಗೆ ಹೊಂದುವುದಿಲ್ಲ ಎಂಬುದು ಆ ತೀರ್ಪಿನ ಸಾರ.

ಕಾಯ್ದೆಯೂ ಬದಲಾಗಿದೆ. 2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಪರಿಹಾರದ ಅಧ್ಯಾಯಕ್ಕೆ ಜಾರಿಯಾಯಿತು. ಈಗ 164ನೇ ಕಲಮಿನಲ್ಲಿ ತಪ್ಪು ಯಾರದೆಂದು ಸಾಬೀತು ಮಾಡದೆಯೇ ಗಂಭೀರ ಗಾಯಕ್ಕೆ ಎರಡೂವರೆ ಲಕ್ಷ, ಸಾವಿಗೆ ಐದು ಲಕ್ಷ ಕೇಳಬಹುದು. ಮೂಳೆ ಮುರಿತ ಗಂಭೀರ ಗಾಯವೇ. ರೊಟ್ಟಿಯ ಹೆಣ್ಣುಮಗಳು ಇವತ್ತು ಬಂದಿದ್ದರೆ, ನನ್ನಂಥ ವಕೀಲ ಏನೂ ಕೇಳದೆ, ಏನೂ ಓದದೆ, ಬರಿಯ ಆ ಕಲಮಿನಡಿ ಅರ್ಜಿ ಹಾಕಿದ್ದರೂ ನಾನು ಆಗ ಕೊಡಿಸಿದ್ದಕ್ಕಿಂತ ಹೆಚ್ಚು ಸಿಗುವ ದಾರಿಯಿತ್ತು. ಈ ಮಾತು ಬರೆಯಲು ನನಗೆ ಸುಲಭವಲ್ಲ. ಆದರೂ ಆ ಕಲಮು ನನಗೆ ಪೂರ್ತಿ ಇಷ್ಟವಾಗಿಲ್ಲ. ನಿಶ್ಚಿತ ಮೊತ್ತ ಕಣ್ಣೆದುರು ಇದ್ದಾಗ ಪೂರ್ತಿ ಲೆಕ್ಕ ಕೇಳುವ ಶ್ರಮವನ್ನು ವಕೀಲರೂ ಕಕ್ಷಿದಾರರೂ ಬಿಟ್ಟುಬಿಡುತ್ತಾರೆ. ಮಣಿಕಟ್ಟಿಗೂ ಎರಡೂವರೆ ಲಕ್ಷ, ಸೊಂಟದಿಂದ ಕೆಳಗೆ ಸತ್ತುಹೋದವನಿಗೂ ಅಷ್ಟೇ ಎಂದರೆ ನಮೂನೆಯ ಅರ್ಜಿಗೆ ಸರ್ಕಾರವೇ ಮೊಹರು ಒತ್ತಿದಂತಾಗುತ್ತದೆ. ಪೂರ್ತಿ ಲೆಕ್ಕ ಬೇಕಾದವರಿಗೆ 166ನೇ ಕಲಮು ಈಗಲೂ ಇದೆ. ಅಪಘಾತವಾದ ಊರಲ್ಲೇ ಅರ್ಜಿ ಹಾಕಬೇಕೆಂದಿಲ್ಲ, ಗಾಯಾಳು ವಾಸಿಸುವ ಊರಿನ ನ್ಯಾಯಮಂಡಳಿಗೂ ಹಾಕಬಹುದು. ಗುದ್ದಿ ಓಡಿಹೋದ ವಾಹನ ಸಿಗದಿದ್ದರೆ ಗಂಭೀರ ಗಾಯಕ್ಕೆ 50,000, ಸಾವಿಗೆ 2 ಲಕ್ಷದ ಬೇರೆ ಯೋಜನೆ ಇದೆ. ತಹಶೀಲ್ದಾರ್ ಕಚೇರಿಯ ಮೂಲಕ ಸಿಗುವ ಈ ಹಣದ ಸುದ್ದಿ ಹಳ್ಳಿಗಳಲ್ಲಿ ಬಹುತೇಕರಿಗೆ ಗೊತ್ತಿಲ್ಲ.

ತಿದ್ದುಪಡಿಯ ಇನ್ನೊಂದು ತುದಿ ಮಾತ್ರ ಕೆಟ್ಟದ್ದು. 1994ರಲ್ಲಿ ತೆಗೆದುಹಾಕಿದ್ದ ಕಾಲಮಿತಿಯನ್ನು ಮತ್ತೆ ತಂದು, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂದರು. ಆರು ತಿಂಗಳಲ್ಲಿ ಎಷ್ಟೋ ಮೂಳೆಗಳು ಕೂಡಿರುವುದೇ ಇಲ್ಲ, ಸಾಲ ತೀರಿಸುವ ಚಿಂತೆಯಲ್ಲಿ ಕೋರ್ಟಿನ ನೆನಪು ಯಾರಿಗೆ? ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಕಾಲ ಮೀರಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂದಿದೆ. ಆದರೂ ನನ್ನಲ್ಲಿಗೆ ಬಂದವರಿಗೆ ನಾಳೆ ಬನ್ನಿ ಅನ್ನುವುದಿಲ್ಲ, ಅರ್ಜಿ ಹಾಕಿಬಿಡುತ್ತೇನೆ.

ಈಗ ನಮ್ಮ ಆಫೀಸಿನಲ್ಲಿ ನಮೂನೆ ಒಂದೇ, ಉದ್ಯೋಗದ ಜಾಗ ಖಾಲಿ. ಗಾಯಾಳುವಿನ ಜೊತೆಗೆ ಬಂದ ಗಂಡಸರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಒಳಗೆ ಕೂತವರಿಗೆ ನಾನು ಉದ್ಯೋಗವೇನೆಂದು ಕೇಳುವುದಿಲ್ಲ. ಹಾಗೆ ಕೇಳಿದರೆ ನಮ್ಮ ಹೆಣ್ಣುಮಕ್ಕಳು ಈಗಲೂ "ಏನಿಲ್ರೀ, ಮನ್ಯಾಗ ಇರ್ತೀನಿ" ಅನ್ನುತ್ತಾರೆ. ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ, ಎದ್ದು ಮೊದಲು ಏನು ಮಾಡುತ್ತೀರಿ ಎಂದು ಶುರು ಮಾಡುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಬರುವಷ್ಟರಲ್ಲಿ ಉದ್ಯೋಗ ತಾನಾಗಿಯೇ ಹೊರಬಿದ್ದಿರುತ್ತದೆ. ಇದಕ್ಕೆ ಹೊತ್ತು ಹಿಡಿಯುತ್ತದೆ, ಕೇಸುಗಳ ಸಂಖ್ಯೆ ಇಳಿದಿದೆ, ನನ್ನ ಗುಮಾಸ್ತನಿಗೆ ಇದು ಸೇರುವುದಿಲ್ಲ.

ಸದ್ಯ ಒಂದು ಬಸ್ಸಿನ ಪ್ರಯಾಣಿಕಳ ಅರ್ಜಿ ನಡೆಯುತ್ತಿದೆ. ಧಾರವಾಡದ ಕಡೆಯವಳು, ಸೀರೆಗೆ ಕಸೂತಿ ಹಾಕುತ್ತಾಳೆ. ಎದುರಿನಿಂದ ಬಂದ ಲಾರಿ ಬಸ್ಸಿನ ಮಗ್ಗುಲನ್ನು ಸವರಿಕೊಂಡು ಹೋದಾಗ ಕಿಟಕಿಯ ಸೀಟಿನಲ್ಲಿದ್ದವಳ ಮೊಣಕೈ ನಜ್ಜಾಗಿದೆ, ಎರಡು ಬೆರಳಿಗೆ ಸ್ಪರ್ಶವೇ ಇಲ್ಲ. ಬಸ್ಸಿನವರು ಲಾರಿಯದು ತಪ್ಪು ಅನ್ನುತ್ತಾರೆ, ಲಾರಿಯ ವಿಮೆಯವರು ಬಸ್ಸಿನದು ಅನ್ನುತ್ತಾರೆ. ಎರಡೂ ಕಡೆ ತಪ್ಪಿದ್ದರೆ ಪ್ರಯಾಣಿಕ ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಪಡೆಯಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿರುವುದರಿಂದ ಅವರ ಜಗಳ ನನಗೆ ಚಿಂತೆಯಲ್ಲ. ಆಕೆ ಮೊಣಕೈಯನ್ನು ಕಿಟಕಿಯಿಂದ ಹೊರಗಿಟ್ಟಿದ್ದಳು, ಹಾಗಾಗಿ ಆಕೆಯದೂ ತಪ್ಪಿನ ಪಾಲಿದೆ ಎಂಬುದು ಇಬ್ಬರೂ ಸೇರಿ ಹೇಳುತ್ತಿರುವ ಮಾತು. ಅದನ್ನು ಎದುರಿಸಬೇಕು. ಅರ್ಜಿಯ ಉದ್ಯೋಗದ ಪ್ಯಾರಾ ಮಾತ್ರ ಒಂದೂವರೆ ಪುಟವಾಗಿದೆ. ಎಳೆ ಎಣಿಸಿ ಸೂಜಿ ಹಾಕುವುದು, ಬಟ್ಟೆಯ ಹಿಂದೂ ಮುಂದೂ ಒಂದೇ ಬರುವಂತೆ ಹೊಲಿಗೆ ತಿರುಗಿಸುವುದು, ಒಂದು ಗೋಪುರಕ್ಕೆ ಎಷ್ಟು ಹೊತ್ತು, ಸೆರಗಿಗೆ ಎಷ್ಟು ಕೂಲಿ, ಯಾವ ಅಂಗಡಿಗೆ ಕೊಡುತ್ತಾಳೆ, ಎಲ್ಲ ಅದರಲ್ಲಿದೆ.

ಕಂಪನಿಯ ವಕೀಲರು ಅದೇ ಹಳೆಯ ಪರಿಚಯದವರು. ಪ್ರತಿ ಓದಿ ಕನ್ನಡಕ ತೆಗೆದು, "ಏನ್ರೀ ವಕೀಲ್ರ, ಅರ್ಜಿ ಬರ್ದೀರೋ ಕಾದಂಬರಿ ಬರ್ದೀರೋ?" ಎಂದರು.

"ಪಾಟಿ ಸವಾಲು ಮಾಡ್ರಿ, ಗೊತ್ತಾಗ್ತದ" ಅಂದೆ. ಅವರು ಸಮಯ ಕೇಳಿ ಮುಂದಿನ ತಾರೀಖು ತೆಗೆದುಕೊಂಡಿದ್ದಾರೆ.